ದಪ್ಪದ್ದು ಮೊದಲು

ಹೆಂಡತಿಯ ಹುಟ್ಟುಹಬ್ಬಕ್ಕೆ ಈ ಸಲ ಸೀರೆಯಲ್ಲ, ಸಾಹಿತ್ಯ! ಹೀಗೆಂದು ಚನ್ನರಾಯಪಟ್ಟಣದ ತೆಂಗಿನಕಾಯಿ ಮಂಡಿಯ ಅಮರನಾಥ ಘೋಷಿಸಿಬಿಟ್ಟ. ಕಬಡ್ಡಿ ಆಟಗಾರನೊಬ್ಬನ ಪ್ರೇಮಕಥೆ, ಐದು ಪುಸ್ತಕಗಳ ಸರಣಿ; ಅದನ್ನೇ ದಿವ್ಯಾ ವರ್ಷದಿಂದ ಜಪಿಸುತ್ತಿದ್ದಳು. ಕಥೆಯ ಕೊನೆ ಮೊದಲೇ ತಿಳಿದರೆ ಅವಳಿಗೆ ಅನ್ನ ಸೇರದು. ಓದಿದ ಗೆಳತಿಯರನ್ನೆಲ್ಲ ಬಾಯಿ ಬಿಡದಂತೆ ಎಚ್ಚರಿಸಿದ್ದಳು.

ಯಾವ ರೂಪದಲ್ಲಿ ತರಿಸುವುದೆಂದೇ ಮನೆಯಲ್ಲಿ ಒಂದು ಪಂಚಾಯಿತಿ ನಡೆಯಿತು. ಫೋನಿನಲ್ಲಿ ಓದಿದರೆ ದಿವ್ಯಾಗೆ ಕಣ್ಣುರಿ. ಅಮರನಾಥನ ತಾಯಿ ಬಸವಲಿಂಗಮ್ಮನಿಗೆ ಕನ್ನಡಕ ಹಾಕಿದರೂ ಅಕ್ಷರ ಕಾಣದು. ಕೊನೆಗೆ ಹೆಂಡತಿಗೆ ಅಚ್ಚಿನ ಪುಸ್ತಕ, ತಾಯಿಗೆ ಫೋನಿನಲ್ಲಿ ಕೇಳುವ ಆಡಿಯೊ ಎಂದು ತೀರ್ಪು ಕೊಟ್ಟು ಅಮರನಾಥ ಮೀಸೆ ತಿರುವಿದ.

"ಯಾವ್ದು ಮೊದ್ಲು ಓದ್ಬೇಕು ಅಂತ ಯಾರನ್ನಾದ್ರೂ ಕೇಳಿದ್ರಾ?" ಎಂದಳು ದಿವ್ಯಾ.

"ದಿನಾ ಹತ್ತು ಸಾವಿರ ಕಾಯಿ ವಿಂಗಡಿಸೋನು ಕಣೆ ನಾನು. ಐದು ಪುಸ್ತಕ ಜೋಡ್ಸಕ್ಕಾಗಲ್ವಾ?"

ಮಂಡಿಯಲ್ಲಿ ದಪ್ಪ ಕಾಯಿ ಮೊದಲು, ಪೀಚು ಕಾಯಿ ಕೊನೆಗೆ. ಸಾಹಿತ್ಯಕ್ಕೂ ಅದೇ ಕಾಯಿದೆ ಜಾರಿಯಾಯಿತು! ಮುಖಪುಟದ ಮೇಲೆ ಏನು ಅಚ್ಚಾಗಿದೆಯೆಂದು ನೋಡುವ ಗೋಜಿಗೇ ಹೋಗದೆ, ಐದಕ್ಕೂ ಶಾಲೆ ಮಕ್ಕಳ ಪುಸ್ತಕದಂತೆ ಕಂದು ಕಾಗದದ ಬೈಂಡು ಹಾಕಿದ. ಚೀಲಕ್ಕೆ ಗುರುತು ಹಾಕುವ ಮಾರ್ಕರಿನಲ್ಲಿ, ದಪ್ಪನೆಯದರಿಂದ ಶುರುಮಾಡಿ ನಂಬರು ಬರೆದ.

ಒಂದನೇ ನಂಬರಿನ ಪುಸ್ತಕ ತೆರೆದ ದಿವ್ಯಾ ಎರಡೇ ನಿಮಿಷದಲ್ಲಿ ಎದ್ದು ಬಂದಳು. ಕಣ್ಣಲ್ಲಿ ನೀರಿತ್ತು.

"ಇದು ಕೊನೇ ಪುಸ್ತಕ ಕಣ್ರೀ. ಫೈನಲ್ಸ್ ಯಾರು ಗೆದ್ರು, ಯಾರು ಯಾರನ್ನ ಮದ್ವೆಯಾದ್ರು ಅಂತ ಮೊದಲ್ನೇ ಪುಟದಲ್ಲೇ ಬರ್ದವ್ರೆ."

ಮರೆತು ಮತ್ತೆ ಮೊದಲಿಂದ ಓದು ಎಂದು ಅಮರನಾಥ ಪುಕ್ಕಟೆ ಸಲಹೆ ಬೇರೆ ಕೊಟ್ಟ. ಹತ್ತು ದಿನ ಮನೆಯಲ್ಲಿ ಮಾತನಾಡಿದ್ದು ತಾಯಿಯ ಫೋನು ಮಾತ್ರ. ಫೋನಿಗೆ ಮಂಡಿಯ ಕಾಯಿದೆ ಗೊತ್ತಿಲ್ಲವಲ್ಲ, ಅದು ಕ್ರಮವಾಗಿ ಒಂದನೆಯದರಿಂದಲೇ ಹೇಳುತ್ತಿತ್ತು. ಬೇರೆ ಗತಿಯಿಲ್ಲದೆ ಅವನೂ ಕಿವಿಗೊಟ್ಟ. ಕಿವಿಗೊಟ್ಟವನು ಕೆಟ್ಟ! ತಾಯಿ ಐದನ್ನೂ ಕೇಳಿ ಮುಗಿಸಿ ಟಿವಿಗೆ ಮರಳಿದರೂ ಇವನು ಇಯರ್‌ಫೋನ್ ಸಿಕ್ಕಿಸಿಕೊಂಡು ಮೂರನೆಯದರಲ್ಲೇ ಮುಳುಗಿದ್ದ. ಹಿರೀಸಾವೆಯಿಂದ ಬಂದ ಕಾಯಿ ಲಾರಿ ಮಂಡಿಯೆದುರು ಹಾರ್ನ್ ಹೊಡೆದು ಹೊಡೆದು ಸುಸ್ತಾಯಿತು.

ಅತ್ತ ಕಥೆಯಲ್ಲಿ ಫೈನಲ್ಸಿನ ಕೊನೇ ರೈಡು. ಮೊಣಕಾಲು ಉಳುಕಿದ ನಾಯಕ ಗೆರೆ ದಾಟಿದ್ದಾನೆ. ಈ ರೈಡು ಗೆದ್ದರೆ ಮದುವೆ ಎಂದು ಹುಡುಗಿ ಮಾತು ಕೊಟ್ಟಿದ್ದಾಳೆ. ಅಮರನಾಥ ಉಸಿರು ಬಿಗಿಹಿಡಿದ.

ದಿವ್ಯಾ ಬಂದು ಅವನ ಕಿವಿಯಿಂದ ಇಯರ್‌ಫೋನ್ ಮೆಲ್ಲಗೆ ಕಿತ್ತು, ಒಂದು ಗಳಿಗೆ ತನ್ನ ಕಿವಿಗಿಟ್ಟು ಕೇಳಿದಳು. ಹತ್ತು ದಿನದ ಮೇಲೆ ಮೊದಲ ಸಲ ನಕ್ಕಳು.

"ಸೋಲ್ತಾನೆ. ಅವ್ಳು ಎದುರಾಳಿ ಟೀಮಿನ ಕ್ಯಾಪ್ಟನ್ನ ಕಟ್ಕೋತಾಳೆ. ಏಳಿ, ಮುದ್ದೆ ಆರೋಗ್ತದೆ."