ಹಲ್ಲಿನ ಡಬ್ಬಿಯಲ್ಲಿ ಸೈನ್ಯ

ಕೆಲವರ ಬದುಕಿಗೆ ನಗು ಹಬ್ಬಕ್ಕೆ ಬರುವ ಅಳಿಯನ ಹಾಗೆ ಆಗೊಮ್ಮೆ ಈಗೊಮ್ಮೆ ಬಂದು ಹೋಗುತ್ತದೆ. ನನ್ನಲ್ಲಿ ಅದು ಮನೆ ಅಳಿಯನಾಗಿ ಕೂತುಬಿಟ್ಟಿದೆ. ಅದಕ್ಕೆ ಕಾರಣ ನನ್ನದೊಂದು ಹುಚ್ಚು.

ನಾನು ಗೋಕಾಕದಲ್ಲಿ ಹಲ್ಲು ಮಾಡುವವನು. ಡಾಕ್ಟರ್ ಅಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಯ ಹಲ್ಲಿನ ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ಕಳಿಸುತ್ತಾರೆ. ನಾನು ಲ್ಯಾಬಿನಲ್ಲಿ ಕೂತು ಆ ಅಚ್ಚಿಗೆ ತಕ್ಕಂತೆ ಕಟ್ಟುಹಲ್ಲು ಮಾಡಿ ಕೊಡುತ್ತೇನೆ. ಇದು ಹೊಟ್ಟೆಪಾಡು. ಹುಚ್ಚು ಬೇರೆ. ಹೆಬ್ಬೆರಳಿನಷ್ಟು ಎತ್ತರದ ಸಿಪಾಯಿ, ಕುದುರೆ, ರಾಕ್ಷಸರ ಗೊಂಬೆಗಳಿಗೆ ಸಣ್ಣ ಬ್ರಷ್ಷಿನಿಂದ ಬಣ್ಣ ಹಚ್ಚುವುದು, ಮೇಜಿನ ಮೇಲೆ ಗುಡ್ಡ, ಹೊಳೆ, ಸೇತುವೆ ಮಾಡಿ ಎರಡು ದಂಡು ನಿಲ್ಲಿಸಿ ಯುದ್ಧ ಆಡುವುದು. ಯಾವ ಸಿಪಾಯಿ ಎಷ್ಟು ದೂರ ನಡೆಯಬೇಕೆಂದು ಟೇಪು ಹಿಡಿದು ಅಳೆಯುತ್ತೇವೆ. ಹೊಡೆದ ಏಟು ತಾಗಿತೋ ಇಲ್ಲವೋ ಎಂದು ದಾಳ ಉರುಳಿಸಿ ತಿಳಿಯುತ್ತೇವೆ. ನಲವತ್ತು ದಾಟಿದ ಗಂಡಸರು ಮಾಡುವ ಕೆಲಸವೇ ಇದು ಎಂದು ನೀವು ಕೇಳಬಹುದು. ನನ್ನ ಹೆಂಡತಿ ಮೊದಲೇ ಕೇಳಿದ್ದಾಳೆ.

ವಸಡಿನ ಬಣ್ಣದ ಕಾಲು

ಈ ಹುಚ್ಚು ಹಿಡಿದ ವರ್ಷ ಅಪ್ಪ ತೀರಿಕೊಂಡಿದ್ದ. ಲ್ಯಾಬು ಅಪ್ಪನದೇ. ಕೆಲಸ ಕಲಿಸಿದವನೂ ಅವನೇ. ಅವನು ಕೂತು ಸವೆಸಿದ ಕುರ್ಚಿಯಲ್ಲಿ ಕೂರಲು ನನಗೆ ಮನಸ್ಸಾಗುತ್ತಿರಲಿಲ್ಲ. ಬಾಜೂಕ್ಕೆ ಸ್ಟೂಲು ಹಾಕಿಕೊಂಡು, ಹೇಗೋ ಹಲ್ಲು ತಿಕ್ಕಿ ಕಳಿಸುತ್ತಿದ್ದೆ.

ಅಂಥ ದಿನಗಳಲ್ಲಿ ಹುಕ್ಕೇರಿಯಿಂದ ಒಬ್ಬ ಹೈಸ್ಕೂಲು ಮಾಸ್ತರರು ಬಂದರು. ಇತಿಹಾಸ ಕಲಿಸುವವರು. ಮುಂದಿನ ಹಲ್ಲಿಗೆ ಕ್ಯಾಪು ಹಾಕಿಸಬೇಕಾಗಿತ್ತು. ಬಣ್ಣ ಹೊಂದಿಸಲೆಂದು ಅವರ ಡಾಕ್ಟರು ನನ್ನ ಹತ್ತಿರ ಕಳಿಸಿದ್ದರು. ಕೂತವರು ಬಾಯಿ ತೆರೆಯುವ ಮೊದಲು ಕಿಸೆಗೆ ಕೈ ಹಾಕಿ ಕರವಸ್ತ್ರದ ಒಂದು ಗಂಟು ತೆಗೆದರು. ಬಿಚ್ಚಿದರೆ ಒಳಗೆ ಒಂದು ಕರಿ ಕುದುರೆ, ಜೀರುಂಡೆಯಷ್ಟು. ಮುಂಗಾಲು ಮುರಿದಿತ್ತು. ಹಲ್ಲು ಮಾಡುವ ಸಾಮಾನಿನಲ್ಲಿ ಇದಕ್ಕೊಂದು ಕಾಲು ಮಾಡಲು ಬರುತ್ತದೆಯೇ ಎಂದು ನಾಚುತ್ತಾ ಕೇಳಿದರು.

"ಮಗನ ಆಟಿಗಿ ಸಾಮಾನ ಏನ್ರಿ ಸರ?" ಎಂದೆ.

"ಇಲ್ರಿ, ನಂದ," ಎಂದರು.

ಅಷ್ಟು ನೇರವಾಗಿ ಹೇಳಿದ ಮನುಷ್ಯನಿಗೆ ಇಲ್ಲ ಎನ್ನುವುದು ಹೇಗೆ? ಕೈಗೆ ಸಿಕ್ಕಿದ್ದು ಕಟ್ಟುಹಲ್ಲಿನ ವಸಡು ಮಾಡುವ ಸಾಮಾನು. ಅದರಲ್ಲೇ ಕಾಲು ಮಾಡಿ ಕೂರಿಸಿದೆ. ಗಟ್ಟಿಯಾಗಿಯೇ ಕೂತಿತು, ಆದರೆ ಕರಿ ಕುದುರೆಗೆ ಗುಲಾಬಿ ಕಾಲು. ಮಾಸ್ತರರು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಕಾಲ ಚೊಲೋ ಆಗೈತ್ರಿ. ಆದರ ಕುದರಿ ಕಾಲ ಎತ್ತಿ ನಕ್ಕಂಗ ಕಾಣತೈತಿ," ಎಂದರು.

ಆ ನಗು ಮುಚ್ಚಲೆಂದು ಹಲ್ಲಿಗೆ ಬಣ್ಣ ಕೊಡುವ ಸಣ್ಣ ಬ್ರಷ್ಷು ಹಿಡಿದೆ. ಕಾಲಾಯಿತು, ಗೊರಸು ಉಳಿಯಿತು. ಗೊರಸಾಯಿತು, ಲಗಾಮಿನ ಬಣ್ಣ ಹೋಗಿದ್ದು ಕಂಡಿತು. ಅದಾದ ಮೇಲೆ ಕಣ್ಣು. ತಲೆ ಎತ್ತಿದಾಗ ಹೆಂಡತಿ ಇಟ್ಟು ಹೋದ ಚಹಾದ ಮೇಲೆ ಕೆನೆ ಕಟ್ಟಿತ್ತು. ನಾನು ಅಪ್ಪನ ಕುರ್ಚಿಯಲ್ಲಿ ಕೂತಿದ್ದೆ. ಯಾವಾಗ ಕೂತೆನೋ ನನಗೇ ಗೊತ್ತಿರಲಿಲ್ಲ. ಆ ದಿನಕ್ಕೆ ನಾನು ಇವತ್ತಿಗೂ ಋಣಿ.

ಮಾಸ್ತರರು ಖುಷಿಯಿಂದ ಕುದುರೆ ಕಟ್ಟಿಕೊಂಡು ಹುಕ್ಕೇರಿ ಬಸ್ಸು ಹತ್ತಿದರು. ಹಲ್ಲಿನ ಬಣ್ಣ ನೋಡುವುದನ್ನು ಇಬ್ಬರೂ ಮರೆತಿದ್ದೆವು. ಮರುವಾರ ಅದಕ್ಕಾಗಿ ಮತ್ತೆ ಬಂದರು. ಬರುವಾಗ ಒಂದು ಹಲ್ಲಿನ ಜೊತೆಗೆ ಒಂದು ಇಡೀ ದಂಡನ್ನೇ ತಂದಿದ್ದರು.

ಕಾಕು ಹಚ್ಚಿದ ಅರಿಷಿಣ

ಮಾಸ್ತರರಿಂದ ಆಟ ಕಲಿತು ನಾನೂ ಒಂದು ದಂಡು ಕಟ್ಟಿದೆ. ಬಣ್ಣ ಹಚ್ಚಿದ ಸಿಪಾಯಿಗಳನ್ನು ಒಣಗಲು ಇಡುವುದೆಲ್ಲಿ? ಲ್ಯಾಬಿನಲ್ಲಿ ಪ್ಲಾಸ್ಟರಿನ ಧೂಳು. ಕೊನೆಗೆ ಹೆಂಡತಿ ಪಡಸಾಲೆಯ ಗೋಡೆಯಲ್ಲಿದ್ದ ಹಳೆಯ ಗೂಡನ್ನು ಬಿಟ್ಟುಕೊಟ್ಟಳು. ಅಲ್ಲಿದ್ದ ಅವಳ ಬಳೆ ಸ್ಟ್ಯಾಂಡು ಒಳಗೆ ಹೋಯಿತು. ಇದು ಸಣ್ಣ ತ್ಯಾಗವಲ್ಲ.

ಆ ಗೂಡಿನಲ್ಲಿ ನನ್ನ ಸೇನಾಪತಿ ನಿಂತಿದ್ದ. ಬಿಳಿ ಕುದುರೆ, ಎತ್ತಿದ ಕತ್ತಿ, ನೀಲಿ ಕೋಟು. ಆ ಕೋಟಿನ ಮಡಿಕೆ ಮಡಿಕೆಗೂ ಬೇರೆ ಬೇರೆ ನೀಲಿ ಹಚ್ಚಿ ನನ್ನ ಕತ್ತು ಹಿಡಿದುಕೊಂಡಿತ್ತು. ಅವನ ಹಿಂದೆ ಸಾಲಾಗಿ ಅವನ ದಂಡು.

ಒಂದು ಬೆಳಿಗ್ಗೆ ಬಾಜೂ ಮನೆಯ ಕಾಕು ಮೊಸರಿಗೆ ಹೆಪ್ಪು ಕೇಳಲು ಬಂದಳು. ಅವರ ಮನೆದೇವರು ಕುದುರೆ ಏರಿ ಕತ್ತಿ ಹಿಡಿದವನೇ. ಗೂಡಿನ ಮುಂದೆ ನಿಂತವಳು ಸೆರಗು ಸರಿ ಮಾಡಿಕೊಂಡು, ಕೈ ತೊಳೆದು ಬಂದು, ಸೇನಾಪತಿಗೆ ಅರಿಷಿಣ ಕುಂಕುಮ ಹಚ್ಚಿ, ತಲೆಯ ಮೇಲೆ ಒಂದು ದಾಸವಾಳ ಇಟ್ಟು ಹೋದಳು. ದಾಸವಾಳದ ಕೆಳಗೆ ಕುದುರೆ ಸಮೇತ ಸೇನಾಪತಿ ಕಾಣದಂತಾಗಿದ್ದ.

ನೀನೇಕೆ ತಡೆಯಲಿಲ್ಲ ಎಂದು ಹೆಂಡತಿಯನ್ನು ಕೇಳಿದೆ. ಕಣ್ಣು ಮುಚ್ಚಿ ಕೈ ಮುಗಿದು ನಿಂತ ಹೆಂಗಸಿಗೆ, ಇದು ನನ್ನ ಗಂಡನ ಆಟದ ಗೊಂಬೆ ಎಂದು ಯಾವ ಬಾಯಿಂದ ಹೇಳಲಿ ಎಂದಳು. ಅದೂ ಖರೆ. ಒದ್ದೆ ಬಟ್ಟೆಯಿಂದ ಒರೆಸಿದೆ. ಮೇಲಿನದು ಹೋಯಿತು, ಮಡಿಕೆಗಳೊಳಗೆ ಇಳಿದ ಅರಿಷಿಣ ಹೋಗಲಿಲ್ಲ. ನೋಡಿದರೆ ಕೋಟು ಹಾಳಾಗಿರಲಿಲ್ಲ, ದಿನವಿಡೀ ದಾರಿಯ ಧೂಳಿನಲ್ಲಿ ಸವಾರಿ ಮಾಡಿ ಬಂದವನ ಕೋಟಿನ ಹಾಗೆ ಕಾಣುತ್ತಿತ್ತು. ನಾನು ಎಷ್ಟು ಬಣ್ಣ ಕಲಸಿದರೂ ಬಾರದಿದ್ದ ಧೂಳು ಅದು. ಕಾಕುಗೆ ಮನಸ್ಸಿನಲ್ಲೇ ಕೈ ಮುಗಿದೆ.

ಭಾನುವಾರ ಮಾಸ್ತರರು ಆಡಲು ಬಂದರು. ಕೋಟನ್ನು ಮೆಚ್ಚಿ ಇದು ಯಾವ ಬಣ್ಣ ಎಂದು ಕೇಳಿದರು. ನಡೆದದ್ದನ್ನೆಲ್ಲ ಹೇಳಿದೆ, ಬಿದ್ದು ಬಿದ್ದು ನಕ್ಕರು. ಆಟದ ನಡುವೆ ಅವರ ತೋಪಿನ ಎದುರಿಗೆ ನನ್ನ ಸೇನಾಪತಿ ಒಬ್ಬನೇ ಸಿಕ್ಕಿಬಿದ್ದ. ಒಂದು ಏಟು ಹೊಡೆದರೆ ಆಟ ಅವರದು. ಮಾಸ್ತರರು ದಾಳ ಕೈಯಲ್ಲಿ ಹಿಡಿದು ಕುಲುಕಿದರು, ನಿಲ್ಲಿಸಿದರು, ಮತ್ತೆ ಕುಲುಕಿದರು. ಕೊನೆಗೆ ದಾಳವನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು.

"ನಾಳಿ ನಮ್ಮ ಸಾಲಿಗೆ ಇನ್ಸ್‌ಪೆಕ್ಷನ್ ಐತ್ರಿ. ಕುಂಕುಮ ಹಚ್ಚಿಸ್ಕೊಂಡಾವನ ಮ್ಯಾಲ ಇವತ್ತ ತೋಪ ಹಾರಸೂದ ಬ್ಯಾಡ."

ಹೊಲಿಗೆಗೆ ಬಿಟ್ಟ ಅರ್ಧ ಇಂಚು

ದಂಡು ಬೆಳೆದಂತೆ ನನ್ನ ಮೇಜು ಸಾಲದಾಯಿತು. ಗೋಕಾಕಕ್ಕೂ ಹುಕ್ಕೇರಿಗೂ ನಡುವೆ ಬೆಲ್ಲದ ಬಾಗೇವಾಡಿಯಲ್ಲಿ ಮಾಸ್ತರರ ಬಾಲ್ಯದ ಗೆಳೆಯನ ಟೇಲರ್ ಅಂಗಡಿ ಇದೆ. ಬಟ್ಟೆ ಕತ್ತರಿಸುವ ಅವನ ಮೇಜು ಒಂದು ಸಣ್ಣ ತಾಲೂಕಿನಷ್ಟಿದೆ. ಭಾನುವಾರ ಮಧ್ಯಾಹ್ನ ಅದನ್ನು ನಮಗೆ ಬಿಟ್ಟುಕೊಡಲು ಒಪ್ಪಿದ. ಹಸಿರು ಬಟ್ಟೆಯ ತುಂಡುಗಳನ್ನು ಹೊಲಿದು ಬಯಲು ಮಾಡಿಕೊಟ್ಟ. ಪ್ರತಿ ಸಲ ಚಹಾವನ್ನೂ ತರಿಸುತ್ತಿದ್ದ. ಅವನದು ಒಂದೇ ಕರಾರು: ತನ್ನ ಮೇಜಿನ ಮೇಲೆ ಟೇಪನ್ನು ತಾನೇ ಹಿಡಿಯಬೇಕು, ಬೇರೆಯವರು ಹಿಡಿಯಕೂಡದು.

ಮೊದಲ ಆಟದಲ್ಲೇ ನನ್ನ ಸವಾರರು ಎಂಟು ಇಂಚು ಓಡಬೇಕಾಗಿತ್ತು. ಟೇಲರ್ ಅಳೆದು ಸೀಮೆಸುಣ್ಣದಲ್ಲಿ ಗುರುತು ಹಾಕಿದ. ಮಾಸ್ತರರಿಗೆ ಸಂಶಯ ಬಂದು ತಿರುಗಿ ಅಳೆಸಿದರು. ಎಂಟೂವರೆ ಇತ್ತು. ಟೇಲರ್ ಸಮಾಧಾನದಿಂದ, "ಅರ್ಧ ಇಂಚ ಹೊಲಿಗಿಗೆ ಬಿಟ್ಟೇನಿ," ಎಂದ.

ಯುದ್ಧದಲ್ಲಿ ಹೊಲಿಗೆ ಇರುವುದಿಲ್ಲ ಎಂದು ತಿಳಿಸಿ ಹೇಳಿದೆವು. ಒಪ್ಪಿಕೊಂಡ. ಆದರೆ ಕೈ ಕೇಳಬೇಕಲ್ಲ? ಮುಂದಿನ ಸರದಿಗೂ ಅರ್ಧ ಇಂಚು ಹೆಚ್ಚೇ ಬಂತು. ಈ ಸಲ, ತೊಳೆದ ಮೇಲೆ ಬಿಗಿಯಾಗುತ್ತದೆ ಎಂದ. ಮಾಸ್ತರರೂ ನಾನೂ ಆ ಅರ್ಧ ಇಂಚಿಗಾಗಿ ಮೇಜಿನ ಮೇಲೆ ಬಗ್ಗಿ ವಾದ ಮಾಡುತ್ತಿದ್ದೆವು. ಟೇಲರ್ ಒಂದು ಕಣ್ಣು ಮುಚ್ಚಿ, ಸವಾರನ ಕುದುರೆಯ ಮೂಗಿನ ತುದಿಯಿಂದ ಗುಡ್ಡದ ಅಂಚಿನವರೆಗೆ ಟೇಪನ್ನು ಕೂದಲೆಳೆಯೂ ತಪ್ಪದಂತೆ ಹಿಡಿದು ಮೂರನೆಯ ಸಲ ಅಳೆಯುತ್ತಿದ್ದ.

ಬಾಗಿಲಲ್ಲಿ ಒಬ್ಬ ಹೆಂಗಸು ಚೀಲ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ನಾವು ನೋಡಿರಲಿಲ್ಲ. ಟೇಲರ್ ಅಳತೆ ಮುಗಿಸಿ ತಲೆ ಎತ್ತಿದ ಮೇಲೆ ಮೇಜಿನ ಮೇಲೆ ಅವನೇ ಹೊಲಿದಿದ್ದ ಒಂದು ಜಂಪರು ಇಟ್ಟು ಹೇಳಿದಳು:

"ಆ ಕುದರೀನ ಅಳದಂಗ ನನ್ನನ್ನೂ ಅಳದಿದ್ದರ, ಇದನ್ನ ಬಿಚ್ಚಿ ಹೊಲಸಾಕ ನಾ ಎರಡನೇ ಸಲ ಬರತಿದ್ದಿಲ್ಲ."

ಎಲ್ಲರನ್ನೂ ಮನೆಗೆ ತಂದವನು

ತುಕ್ಕಾನಟ್ಟಿಯಲ್ಲಿ ಕುರಿ ಸಾಕುವವನೊಬ್ಬನಿದ್ದಾನೆ, ಎಲ್ಲರೂ ಅವನನ್ನು ಅಣ್ಣ ಎನ್ನುತ್ತಾರೆ. ಅವನ ತಾಯಿಗೆ ಎರಡೂ ಸಾಲು ಕಟ್ಟುಹಲ್ಲು ಬೇಕಾಗಿತ್ತು. ಮೂಡಲಗಿಯ ಡಾಕ್ಟರು ಅಚ್ಚು ತೆಗೆದು ನನಗೆ ಕಳಿಸಿದ್ದರು. ಆ ಮುದುಕಿ ಆಯಿಯ ಮೊಮ್ಮಗಳ ಮದುವೆ ಹತ್ತಿರ ಬಂದಿತ್ತು. ಹಲ್ಲು ಎಲ್ಲಿಗೆ ಬಂತು ಎಂದು ಕೇಳಲು ಅಣ್ಣ ಒಂದು ಭಾನುವಾರ ನನ್ನ ಲ್ಯಾಬಿಗೇ ಬಂದ. ಟೇಲರಿಗೆ ಮದುವೆ ಹಂಗಾಮಿನ ಗಡಿಬಿಡಿ ಇದ್ದುದರಿಂದ ಆವತ್ತು ಆಟ ನನ್ನಲ್ಲೇ ನಡೆದಿತ್ತು.

ಹಲ್ಲು ಮದುವೆಯ ಹಿಂದಿನ ದಿನ ಕೈಗೆ ಸಿಗುತ್ತದೆ ಎಂದು ಹೇಳಿದೆ. ಅಣ್ಣ ಹೋಗಲಿಲ್ಲ. ಮೇಜಿನ ಮೇಲಿನ ದಂಡನ್ನೇ ನೋಡುತ್ತಾ ನಿಂತ. ಮಾಸ್ತರರು ನೀವೇ ಒಂದು ಕಡೆ ಆಡಿರಿ ಎಂದು ನನ್ನ ದಂಡನ್ನು ಅವನ ಕೈಗೆ ಕೊಡಿಸಿದರು. ನಡುವಿನ ಸೇತುವೆ ಹಿಡಿದವನು ಗೆದ್ದಂತೆ ಎಂದು ನಿಯಮವನ್ನೂ ತಿಳಿಸಿದರು.

ಅಣ್ಣ ಸೇತುವೆಯ ಕಡೆ ನೋಡಲೇ ಇಲ್ಲ. ಮೊದಲು ಚದುರಿದ ಸಿಪಾಯಿಗಳನ್ನೆಲ್ಲ ಒಂದು ಕಡೆ ಕೂಡಿಸಿದ. ಗುಡ್ಡದ ಹಿಂದೆ ಒಬ್ಬ ಬಿಲ್ಲುಗಾರ ಒಂಟಿಯಾಗಿ ಉಳಿದಿದ್ದ. ಅವನಿಗಾಗಿ ಇಡೀ ದಂಡನ್ನು ಹಿಂದಕ್ಕೆ ತಿರುಗಿಸಿದ. ಮಾಸ್ತರರು ಬಾಣ ಬಿಟ್ಟರೆ ಗುಡ್ಡದ ಮರೆಗೆ ಸರಿಸಿದ. ಅತ್ತ ಮಾಸ್ತರರು ಹೊಳೆಯಲ್ಲಿ ಸಿಕ್ಕಿಕೊಂಡು, ದಾಳ ಕೈಕೊಟ್ಟು, ತಮ್ಮವರನ್ನು ಒಬ್ಬೊಬ್ಬರಾಗಿ ಕಳೆದುಕೊಂಡು, ಕೊನೆಗೆ ಧ್ವಜ ಹಿಡಿದ ಒಬ್ಬನೇ ಒಬ್ಬನನ್ನು ಸೇತುವೆ ಮೇಲೆ ನಿಲ್ಲಿಸಿ ತಾವು ಗೆದ್ದೆವೆಂದು ಸಾರಿದರು.

"ಗೆಲ್ಲೂದು ನೀವ ಗೆದ್ಕೋರಿ," ಎಂದ ಅಣ್ಣ. "ನನ್ನೂವೆಲ್ಲಾ ತಿರುಗಿ ಬಂದಾವ."

ಇಷ್ಟು ವರ್ಷ ಮಕ್ಕಳಿಗೆ ಯುದ್ಧಗಳ ಪಾಠ ಹೇಳಿದ್ದೇನೆ, ಹೀಗೆ ಯೋಚಿಸಿದ ರಾಜ ಒಬ್ಬನೂ ಸಿಗಲಿಲ್ಲ ಎಂದು ಆಮೇಲೆ ಮಾಸ್ತರರು ನನಗೆ ಹೇಳಿದರು. ನನಗೂ ಎದೆ ತುಂಬಿ ಬಂದಿತ್ತು. ಆಗಲೇ ಅಣ್ಣ ಮೇಜಿನ ಮೇಲೆ ಬಗ್ಗಿ, ನೀಲಿ ಬಣ್ಣದ ಹೊಳೆಯನ್ನು ಬೆರಳಿನಿಂದ ಮುಟ್ಟಿ ನೋಡಿ ಕೇಳಿದ:

"ಇಷ್ಟ ದೂರ ನಡದಾವ. ಇನ್ನ ಇವಕ್ಕ ನೀರ ಕುಡಸೂದ ಎಲ್ಲಿರಿ?"

ರಾಕ್ಷಸ ಮೂಡಲಗಿಗೆ ಹೋದದ್ದು

ಬಣ್ಣ ಹಚ್ಚಿದ ಗೊಂಬೆಗಳು ತಿಕ್ಕಿಕೊಂಡು ಹಾಳಾಗದಿರಲಿ ಎಂದು ನಾನು ಅವನ್ನು ಕಟ್ಟುಹಲ್ಲಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹತ್ತಿ ಸುತ್ತಿ ಒಯ್ಯುತ್ತೇನೆ. ಮದುವೆಯ ಹಿಂದಿನ ದಿನವೂ ಅಂಥ ಎರಡು ಡಬ್ಬಿ ನನ್ನ ಚೀಲದಲ್ಲಿದ್ದವು. ಒಂದರಲ್ಲಿ ಅಣ್ಣನ ತಾಯಿಯ ಹಲ್ಲು. ಇನ್ನೊಂದರಲ್ಲಿ ಮಾಸ್ತರರಿಗಾಗಿ ನಾನು ಬಣ್ಣ ಹಚ್ಚಿದ ರಾಕ್ಷಸ. ಹಸಿರು ಮೈ, ಕೆಂಪು ಕಣ್ಣು, ಕಿವಿಯಿಂದ ಕಿವಿಗೆ ಹರಿದ ಬಾಯಿ, ಬಾಯಿ ತುಂಬ ಕೋರೆಹಲ್ಲು.

ಬೆಳಿಗ್ಗೆ ಮೂಡಲಗಿಗೆ ಹೋಗಿ ದವಾಖಾನೆಯಲ್ಲಿ ಒಂದು ಡಬ್ಬಿ ಕೊಟ್ಟೆ. ಡಾಕ್ಟರು ಇನ್ನೂ ಬಂದಿರಲಿಲ್ಲ. ಅಲ್ಲಿಂದ ಬೈಕಿನ ಮೇಲೆ ಬೆಲ್ಲದ ಬಾಗೇವಾಡಿಯ ಟೇಲರ್ ಅಂಗಡಿಗೆ ಬಂದೆ. ಮಾಸ್ತರರು ಆಸೆಯಿಂದ ಡಬ್ಬಿ ತೆರೆದರು. ಒಳಗಿನಿಂದ ಎರಡು ಸಾಲು ಹಲ್ಲು ಅವರನ್ನು ನೋಡಿ ನಕ್ಕವು.

ಅಷ್ಟರಲ್ಲಿ ಫೋನು ಬಂತು. ಡಾಕ್ಟರು ಸಿಟ್ಟು ಮಾಡಿಕೊಂಡಿರಲಿಲ್ಲ, ಅದೇ ಹೆಚ್ಚು ಹೆದರಿಸಿತು. ಮೆಲ್ಲಗೆ, ಆಯಿಯ ಬಾಯಿಯಲ್ಲಿ ಇದನ್ನು ಹೇಗೆ ಕೂರಿಸಲಿ ಎಂದು ಮಾತ್ರ ಕೇಳಿದರು.

ಬಂದ ದಾರಿಯಲ್ಲೇ ತಿರುಗಿದೆ. ಸುತ್ತಲಿನ ಊರುಗಳ ಮದುವೆಗಳಲ್ಲಿ ಸೋಬಾನೆ ಹಾಡುತ್ತಿದ್ದವಳು ಆ ಆಯಿಯೇ. ಹಲ್ಲು ಬಿದ್ದ ಮೇಲೆ ಮಾತೆಲ್ಲ ಗಾಳಿಯಾಗಿ ಹೋಗುತ್ತದೆಂದು ಹಾಡುವುದನ್ನು ಬಿಟ್ಟಿದ್ದಳು. ಮೊಮ್ಮಗಳ ಮದುವೆಯಲ್ಲಿ ಒಂದು ಸಲ ಹಾಡಬೇಕು ಎಂದೇ ಇಷ್ಟೆಲ್ಲ ಮಾಡಿಸಿದ್ದು. ಅವಳೇನು ಅಂದುಕೊಂಡಿರಬೇಡ? ಮುದುಕಿಯನ್ನು ಅಣಕಿಸಿದೆನೆಂದು ತಿಳಿದರೆ? ಅಪ್ಪ ಇಷ್ಟು ಕಾಲ ಗಳಿಸಿದ ಹೆಸರು ಒಂದು ಡಬ್ಬಿಯಲ್ಲಿ ಹೋಯಿತು ಎಂದುಕೊಂಡೆ.

ದವಾಖಾನೆಯಲ್ಲಿ ಆಯಿ ಬಾಕಿನ ಮೇಲೆ ಕೂತಿದ್ದಳು. ರಾಕ್ಷಸ ಅವಳ ಕೈಯಲ್ಲೇ ಇದ್ದ. ಬಂದ ಮಕ್ಕಳು ಹೆದರಬಾರದೆಂದು ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ನಾನು ಕೈ ಮುಗಿದು ನಿಂತೆ. ಅವಳು ಏನೂ ಅನ್ನಲಿಲ್ಲ. ಡಾಕ್ಟರು ಹಲ್ಲು ಕೂರಿಸಿದರು. ಒಂದೆರಡು ಕಡೆ ತಿಕ್ಕಿ ಸರಿ ಮಾಡಿಕೊಟ್ಟೆ. ಆಯಿ ನಾಲಿಗೆಯಿಂದ ಹಲ್ಲನ್ನೆಲ್ಲ ಮುಟ್ಟಿ ನೋಡಿಕೊಂಡಳು. ಆಮೇಲೆ ಗೋಡೆಯ ಕಡೆ ತಿರುಗಿ, ಮೆಲ್ಲಗೆ, ಸೋಬಾನೆಯ ಒಂದು ಸಾಲು ಹಾಡಿದಳು. ಒಂದು ಅಕ್ಷರವೂ ಜಾರಲಿಲ್ಲ. ಡಾಕ್ಟರು ನನ್ನ ಹೆಗಲು ತಟ್ಟಿ ಒಳಗೆ ಹೋದರು. ನನಗೆ ಕಣ್ಣು ಮಂಜಾಯಿತು.

ಮಾರನೆಯ ದಿನ ನಾನು, ಹೆಂಡತಿ, ಮಾಸ್ತರರು, ಟೇಲರ್ ನಾಲ್ವರೂ ತುಕ್ಕಾನಟ್ಟಿಯ ಮದುವೆಗೆ ಹೋದೆವು. ಅಣ್ಣ ಬಂದು ಕರೆದೇ ಕರೆದಿದ್ದ. ಆಯಿ ಅಕ್ಕಿಕಾಳು ಬೀಳುವ ಮೊದಲೂ ಹಾಡಿದಳು, ಆಮೇಲೂ ಹಾಡಿದಳು, ಸಾಕು ಎಂದವರ ಮಾತು ಕೇಳಲಿಲ್ಲ. ಹಾಡುವಾಗ ಅವಳ ಬಾಯಲ್ಲಿ ಹೊಳೆಯುತ್ತಿದ್ದುದು ನನ್ನ ಕೈಕೆಲಸ ಎಂದು ಹೆಂಡತಿ ಬಾಜೂದವರಿಗೆಲ್ಲ ಹೇಳುತ್ತಿದ್ದಳು. ಹುಚ್ಚು ಎಂದು ಬೈಯುವವಳೂ ಅವಳೇ.

ಊಟಕ್ಕೆ ಕೂತಾಗ ಆಯಿ ತಾನೇ ಹೋಳಿಗೆ ಬಡಿಸಲು ಬಂದಳು. ನನ್ನ ಎಲೆಗೆ ಹಾಕಿ, ತುಪ್ಪ ಸುರಿದು, ಬಾಜೂಕ್ಕೇ ಕೂತಳು. ಮನಸ್ಸಿನಲ್ಲಿ ಕೊರೆಯುತ್ತಿದ್ದುದನ್ನು ಕೇಳಿಯೇಬಿಟ್ಟೆ. ನಿನ್ನೆ ಡಬ್ಬಿ ತೆರೆದು ಅಂಥದ್ದನ್ನು ಕಂಡಾಗ ಸಿಟ್ಟು ಬರಲಿಲ್ಲವೇ, ಒಂದು ಮಾತೂ ಆಡದೆ ನೀನು ಹೇಗೆ ಕೂತಿದ್ದೆ ಎಂದೆ.

ಆಯಿ ತನ್ನ ಹೊಸ ಹಲ್ಲು ಅಷ್ಟೂ ಕಾಣುವಂತೆ ನಕ್ಕಳು.

"ಸಿಟ್ಟ ಯಾಕ ಬರಬೇಕೋ ತಮ್ಮಾ? ಹಲ್ಲ ಹಾಕ್ಕೊಂಡ ಮ್ಯಾಲ ಹಿಂಗ ಕಾಣತಿ ನೋಡಬೇ ಅಂತ, ಮೊದಲ ನನ್ನ ಮಾರಿ ನಮೂನಿ ಮಾಡಿ ಕಳಿಸೀದಿ ಅಂತ ತಿಳದಿದ್ನಿ. ಭಾಳ ಹೊತ್ತ ನೋಡಿದ್ನಿ. ಕಡೀಕ, ಮಾರಿ ಹೆಂಗರ ಆಗಲಿ, ಹೋಳಗಿ ತಿನ್ನಾಕ ಬಂದ್ರ ಸಾಕಂತ ಒಪ್ಪಕೊಂಡ್ನಿ."