ರಾಹುಕಾಲದಲ್ಲಿ ಮಲಗಿದ ವೆಬ್‌ಸೈಟು

ಮದರಾಸಿನ ವಡಪಳನಿಯ ಮುರುಗನ್ ಕೋವಿಲಿನ ಹಿಂದಿನ ಬೀದಿಯ ಜನ ಇಂದಿಗೂ ಹೇಳಿಕೊಂಡು ನಗುವ ಈ ಪ್ರಸಂಗ ನಡೆದದ್ದು ಒಂದು ಶುಕ್ರವಾರ. ಆ ದಿನ ಬೆಳಿಗ್ಗೆ ಸರಿಯಾಗಿ ಹತ್ತೂವರೆಗೆ ವಿಶ್ವನಾಥರ ವೆಬ್‌ಸೈಟು ನಿದ್ದೆ ಹೋಯಿತು. ಅವರ ಕಟ್ಟಡದ ಮೊದಲ ಮಹಡಿಯವರು ಹೇಳುವ ಕತೆಗೂ ಎರಡನೆಯ ಮಹಡಿಯವರು ಹೇಳುವ ಕತೆಗೂ ಸಣ್ಣಪುಟ್ಟ ವ್ಯತ್ಯಾಸಗಳುಂಟು. ಈ ನಿದ್ದೆಯ ಗಳಿಗೆಯ ವಿಷಯದಲ್ಲಿ ಮಾತ್ರ ಎಲ್ಲರದೂ ಒಂದೇ ಮಾತು.

ವಿಶ್ವನಾಥರು ಮೂವತ್ತನಾಲ್ಕು ವರ್ಷ ರೈಲು ಡಬ್ಬಿಗಳಿಗೆ ಬಣ್ಣ ಬಳಿದು ನಿವೃತ್ತರಾದವರು. ನಿವೃತ್ತಿಯ ಮೂರನೆಯ ದಿನಕ್ಕೇ ಅವರ ಕೈ ಬ್ರಷ್ಷಿಗಾಗಿ ಹಂಬಲಿಸತೊಡಗಿತು. ಮನೆಯ ದಸರಾ ಗೊಂಬೆಗಳಲ್ಲಿ ಮೂಗು ಮುಕ್ಕಾಗಿದ್ದ ಒಬ್ಬ ರಾಣಿಗೆ ಹೊಸ ಮೂಗು ಕೂರಿಸಿದರು. ಅದನ್ನು ನೋಡಿದ ನೆರೆಯವರು ಕೈ ಮುರಿದ ಕೃಷ್ಣನನ್ನು ತಂದರು, ಇನ್ನೊಬ್ಬರು ಬಾಲವಿಲ್ಲದ ಹನುಮಂತನನ್ನು ತಂದರು. ಹೀಗೆ ಹುಟ್ಟಿತು ‘ವಿಶ್ವನಾಥ ಗೊಂಬೆ ಆಸ್ಪತ್ರೆ’. ರೋಗಿಗಳು ಊಟದ ಮೇಜಿನ ಮೇಲೆ, ಟೀವಿಯ ಮೇಲೆ, ಕೊನೆಗೆ ಹಾಸಿಗೆಯ ಮೇಲೂ ಮಲಗಿದರು. ಫೀಸು ಮಾತ್ರ ಯಾರೂ ಕೊಡಲಿಲ್ಲ. ಎಲ್ಲರೂ ‘ದೇವರ ಕೆಲಸ, ನಿಮಗೇ ಪುಣ್ಯ’ ಎಂದರು.

ಒಂದು ದಿನ ಹೆಂಡತಿ ಅಂಬುಜಾ ಅನ್ನದ ಪಾತ್ರೆಯಿಡಲು ಜಾಗ ಹುಡುಕಿ ಸೋತು, ತೀರ್ಪು ಕೊಟ್ಟರು.

“ನೋಡಿ, ಶುಕ್ರವಾರದೊಳಗೆ ದುಡ್ಡು ಕೊಡೋ ಒಂದು ದೊಡ್ಡ ಆರ್ಡರ್ ಬಂದ್ರೆ ಸರಿ. ಬರದೇ ಹೋದ್ರೆ ದೇವರೆಲ್ಲ ತಾರಸಿಗೆ, ನೀವು ಅಂಬತ್ತೂರಿಗೆ.”

ಅಂಬತ್ತೂರು ಎಂದರೆ ಅಂಬುಜಾರ ಅಣ್ಣ ಹರಿದಾಸನ ಹಾರ್ಡ್‌ವೇರ್ ಅಂಗಡಿ. ವರ್ಷದ ಮುನ್ನೂರ ಅರವತ್ತೈದು ದಿನವೂ ತೆರೆದಿರುವ ಆ ಅಂಗಡಿಯಲ್ಲಿ ಮೊಳೆ ತೂಗಿ ಕೊಡಲು ನಂಬಿಕೆಯ ಮನುಷ್ಯನೊಬ್ಬ ಬೇಕೆಂದು ಹರಿದಾಸ ಎರಡು ವರ್ಷಗಳಿಂದ ಬಾವನನ್ನು ಕರೆಯುತ್ತಿದ್ದ. ಮೊಳೆ ಎಂಬ ಮಾತು ಕೇಳಿದರೆ ವಿಶ್ವನಾಥರಿಗೆ ತಮ್ಮ ಅಂಗೈಗೇ ಅದನ್ನು ಹೊಡೆದಂತಾಗುತ್ತಿತ್ತು.

ಆರ್ಡರ್ ಬರಬೇಕಾದರೆ ವೆಬ್‌ಸೈಟು ಬೇಕು ಎಂದು ಕಟ್ಟಡವೆಲ್ಲ ಒಪ್ಪಿತು. ಸೈಟಿಗೆ ನೆಟ್‌ನಲ್ಲಿ ಜಾಗ ಕೊಡುವ ಹೋಸ್ಟಿಂಗು ಬಿಟ್ಟಿಯದೋ, ದುಡ್ಡಿನದೋ ಎಂಬಲ್ಲಿ ಕಟ್ಟಡ ಎರಡು ಹೋಳಾಯಿತು. ಬಿಟ್ಟಿಯ ಪಕ್ಷದ ನಾಯಕರು ಎದುರು ಮನೆಯ ಅಂದಾನಿ. ಗದಗಿನ ಕಡೆಯವರು, ವಿಮಾ ಕಚೇರಿಯಲ್ಲಿದ್ದವರು. ದುಡ್ಡಿನ ಪಕ್ಷ ಮೇಲಿನ ಮಹಡಿಯ ದಿನೇಶನದು. ಬೆಂಗಳೂರಿನಿಂದ ವರ್ಗವಾಗಿ ಬಂದ ಬ್ಯಾಂಕಿನ ಹುಡುಗ. ವಿಶ್ವನಾಥರು ಬಿಟ್ಟಿಯನ್ನೇ ಆರಿಸಿದರು. ಸೈಟು ಸಿದ್ಧವಾಯಿತು. ಅದರ ವಿಳಾಸದಲ್ಲಿ ವಿಶ್ವನಾಥರ ಹೆಸರು ಎಂಜಿನ್ನಾದರೆ, ಹಿಂದೆ ಬಿಟ್ಟಿ ಜಾಗ ಕೊಟ್ಟ ಕಂಪೆನಿಯ ಹೆಸರು ಹದಿನೆಂಟು ಡಬ್ಬಿಗಳಂತೆ ಉದ್ದಕ್ಕೆ ಸಾಗಿತ್ತು. ಸೊಂಡಿಲು ಮುರಿದ ಗಣಪತಿಯ ಚಿತ್ರದ ಕೆಳಗೆ ಕಂಪೆನಿಯವರು ತಾವಾಗಿಯೇ ‘ಮೂಗಿನ ಸುಂದರೀಕರಣಕ್ಕೆ ಇಂದೇ ಭೇಟಿ ಕೊಡಿ’ ಎಂಬ ಜಾಹೀರಾತು ಅಂಟಿಸಿದ್ದರು.

“ಇರಲಿ ಬಿಡ್ರಿ,” ಎಂದಿದ್ದರು ಅಂದಾನಿ. “ಸಂಬಂಧ ಇದ್ದದ್ದೇ ಹಾಕ್ಯಾರಲ್ಲ!”

ಇಷ್ಟರಲ್ಲಿ ದೇವರು ಕಣ್ಣು ಬಿಟ್ಟ. ಟಿ. ನಗರದ ರೇಷ್ಮೆ ಸೀರೆ ವ್ಯಾಪಾರದ ಮನೆತನದ ಹಿರಿಯೆ ಸಣ್ಣಮ್ಮನವರ ನೂರೆಂಟು ಗೊಂಬೆಗಳ ಮೇಲೆ ನೀರಿನ ಟ್ಯಾಂಕು ಸೋರಿತ್ತು. ಅವರು ವಿಶ್ವನಾಥರಿಗೆ ಫೋನು ಮಾಡಿ, “ಶುಕ್ರವಾರ ಬೆಳಿಗ್ಗೆ ನಿಮ್ಮ ಸೈಟ್ ನೋಡ್ತೀನಿ, ಹನ್ನೆರಡಕ್ಕೆ ತೀರ್ಮಾನ ಹೇಳ್ತೀನಿ,” ಎಂದರು. ಶುಕ್ರವಾರಕ್ಕೆ ಲೆಕ್ಕ ಹಾಕಿದರೆ ನವರಾತ್ರಿಗೆ ಇಪ್ಪತ್ನಾಲ್ಕೇ ದಿನ.

ಆ ಶುಕ್ರವಾರ ಹತ್ತು ಮೂವತ್ತೈದಕ್ಕೆ, ಸಣ್ಣಮ್ಮನವರು ನೋಡುವಂತೆಯೇ ತಾವೂ ಒಮ್ಮೆ ನೋಡೋಣವೆಂದು ವಿಶ್ವನಾಥರು ಸೈಟು ತೆರೆದರು. ಗಣಪತಿ ಇಲ್ಲ. ಮೂಗಿನ ಜಾಹೀರಾತೂ ಇಲ್ಲ. ಬಿಳಿಯ ಪರದೆಯ ಮೇಲೆ ಒಂದೇ ಸಾಲು: ‘ಈ ಸೈಟು ವಿಶ್ರಾಂತಿಯಲ್ಲಿದೆ. ಹನ್ನೆರಡು ಗಂಟೆಗೆ ಮತ್ತೆ ತೆರೆಯುತ್ತದೆ.’

ವಿಶ್ವನಾಥರು ಹಾಕಿದ ಕೂಗಿಗೆ ಮೇಜಿನ ಮೇಲಿದ್ದ ಹನುಮಂತನ ಹೊಸ ಬಾಲ ಕಳಚಿ ಬಿತ್ತು.

“ಅಂದಾನಿಯವರೇ! ಸೈಟು ಸತ್ತು ಹೋಯ್ತು!”

ಅಂದಾನಿ ಕೈಯಲ್ಲಿ ಅರ್ಧ ತಿಂದ ಚಪಾತಿಯೊಡನೆಯೇ ಬಂದು, ಕನ್ನಡಕ ಏರಿಸಿ ಓದಿದರು. “ಸತ್ತಿಲ್ರಿ, ಮಲಗೇತಿ. ಬಿಟ್ಟಿ ಸೈಟಿಗೆ ದಿನಾ ಒಂದೂವರಿ ತಾಸು ವಿಶ್ರಾಂತಿ ಅಂತ ಸಣ್ಣ ಅಕ್ಷರದಾಗ ಬರದಿದ್ರು. ಹೊತ್ತು ಅವರ ಮರ್ಜಿ. ಪುಕ್ಕಟೆ ದುಡಿಯೋದು ಒಂದಿಷ್ಟು ಅಡ್ಡಾಗಬಾರದೇನು? ನಮ್ಮ ಆಫೀಸಿನ್ಯಾಗ ಪಗಾರ ತಗೊಂಡೇ ಅಡ್ಡಾಗ್ತಿದ್ರು.”

“ನಿಮಗೆ ಗೊತ್ತಿತ್ತಾ? ಹೇಳ್ಲೇ ಇಲ್ಲ!”

“ನೀವು ಕೇಳ್ಲಿಲ್ಲರಿ.”

ಕೂಗು ಕೇಳಿ ದಿನೇಶನೂ ಇಳಿದು ಬಂದ. ಮನೆಯಿಂದಲೇ ಕೆಲಸ ಮಾಡುವ ದಿನವಾದ್ದರಿಂದ ಮೇಲೆ ಇಸ್ತ್ರಿಯ ಅಂಗಿ, ಕೆಳಗೆ ಲುಂಗಿ. ಅವನ ಮುಖದಲ್ಲಿ ಮರುಕಕ್ಕಿಂತ ಗೆಲುವೇ ಹೆಚ್ಚಾಗಿತ್ತು.

“ಅಂಕಲ್, ನಾನು ಅವತ್ತೇ ಬಡ್ಕೊಂಡೆ. ಫ್ರೀ ಹೋಸ್ಟಿಂಗ್ ಅಂದ್ರೆ ಬೇರೆಯವರ ಜಗಲಿ ಮೇಲೆ ಅಂಗಡಿ ಇಟ್ಟ ಹಾಗೆ. ಅವರು ಎದ್ದೇಳು ಅಂದ್ರೆ ಏಳ್ಬೇಕು, ಮಲಗು ಅಂದ್ರೆ ಮಲಗ್ಬೇಕು. ಪೇಯ್ಡ್ ಆದ್ರೆ ಮೂರು ವರ್ಷ ಒಂದು ಸೆಕೆಂಡೂ ಕಣ್ಣು ಮುಚ್ಚಲ್ಲ. ಗ್ಯಾರಂಟಿ!”

“ಬಾಡಿಗಿ ಕೊಟ್ಟಕೂಡ್ಲೆ ಮಾಲಕ ಆಗ್ತಾರೇನೋ ತಮ್ಮಾ?” ಎಂದರು ಅಂದಾನಿ.

ದಿನೇಶ ಫೋನಿನ ಪರದೆ ತೋರಿಸಿದ. ಅದೇ ಕಂಪೆನಿಯ ಮೂರು ವರ್ಷದ ಹೋಸ್ಟಿಂಗು ಅರ್ಧ ಬೆಲೆಗೆ. ಪಕ್ಕದಲ್ಲಿ ಕೆಂಪು ಗಡಿಯಾರವೊಂದು ಹಿಂದಕ್ಕೆ ಓಡುತ್ತಿತ್ತು: ಇನ್ನು ಒಂಬತ್ತು ನಿಮಿಷ. ಮುಗಿದರೆ ಪೂರ್ತಿ ಬೆಲೆ. ಕೊಟ್ಟ ಹಣ ಹಿಂತಿರುಗುವುದಿಲ್ಲ.

ವಿಶ್ವನಾಥರ ಬಳಿ ಇದ್ದದ್ದು ಬಣ್ಣಕ್ಕೂ ಬಂಗಾರದ ರೇಕಿಗೂ ತೆಗೆದಿಟ್ಟಿದ್ದ ಹಣ ಒಂದೇ. ಅವರು ಫೋನಿಗೆ ಬೆರಳು ತಾಗಿಸುವಷ್ಟರಲ್ಲಿ ಅಡುಗೆಮನೆಯಿಂದ ಅಂಬುಜಾ ಕೂಗಿದರು: “ಏನ್ರೀ, ರಾಹುಕಾಲ! ಹನ್ನೆರಡರ ತನಕ ದುಡ್ಡು ಮುಟ್ಬೇಡಿ!”

“ರೈಲು ರಾಹುಕಾಲ ನೋಡಿ ಹೊರಡುತ್ತಾ?” ಎಂದರು ವಿಶ್ವನಾಥರು. ಹಣ ಹೋಯಿತು.

ದಿನೇಶ ಮುಕ್ಕಾಲು ಗಂಟೆ ಕೀಲಿಮಣೆ ಕುಟ್ಟಿದ. ಹನ್ನೊಂದು ನಲವತ್ತಕ್ಕೆ ಸೈಟು ಎದ್ದು ಕುಳಿತಿತು. ವಿಳಾಸಕ್ಕೆ ಬಾಲವಿಲ್ಲ, ಗಣಪತಿಗೆ ಜಾಹೀರಾತಿಲ್ಲ. ಹಳೆಯ ವಿಳಾಸ ಒತ್ತಿದವರಿಗೂ ಇದೇ ತೆರೆಯುತ್ತಿತ್ತು. ಹಣ ಕೊಟ್ಟವರಿಗೆಂದು ಕಂಪೆನಿ ಒಂದು ಸೌಲಭ್ಯವನ್ನೂ ಕೊಟ್ಟಿತ್ತು: ವಿಚಾರಿಸಿದ ಗಿರಾಕಿಗಳಿಗೆಲ್ಲ ಅದು ತಾನಾಗಿಯೇ ಸಂದೇಶ ಕಳಿಸುತ್ತಿತ್ತು. ವಿಶ್ವನಾಥರು ಸೈಟಿನ ಪಟ್ಟಿಯಲ್ಲಿ ನಂಬರು ಬರೆದಿಟ್ಟಿದ್ದ ಗಿರಾಕಿ ಒಬ್ಬರೇ. ಸಣ್ಣಮ್ಮನವರ ವಾಟ್ಸಾಪಿಗೆ ವಿಶ್ವನಾಥರ ಹೆಸರಿನಲ್ಲಿ ಹೋದ ಸಂದೇಶ ಹೀಗಿತ್ತು: ‘ನಾವು ಈಗ ತೆರೆದಿದ್ದೇವೆ! ಹಗಲಿರುಳು ಯಾವ ಗಳಿಗೆಯಲ್ಲೂ ಮುಚ್ಚುವುದಿಲ್ಲ!’

“ಬ್ಯೂಟಿಫುಲ್!” ಎಂದ ದಿನೇಶ.

ಆಗ ಎರಡನೆಯ ಮಹಡಿಯ ಜಯಲಕ್ಷ್ಮಮ್ಮ ಏದುಸಿರು ಬಿಡುತ್ತ ಬಂದರು. ಮೈಸೂರಿನಿಂದ ಮದುವೆಯಾಗಿ ಬಂದು ಐವತ್ತೆರಡು ವರ್ಷ ಮದರಾಸಿನ ನೀರು ಕುಡಿದವರು. ಅವರ ಕನ್ನಡದಲ್ಲಿ ತಮಿಳು ಒಗ್ಗರಣೆಯಂತೆ ಸಿಡಿಯುತ್ತಿತ್ತು. ಸಣ್ಣಮ್ಮನವರ ಹಳೆಯ ಗೆಳತಿ, ಕೈಯಲ್ಲಿ ಸದಾ ಪಂಚಾಂಗ.

“ವಿಶ್ವನಾಥ, ನೀನು ರೊಂಬ ಕೆಟ್ಟಿಕಾರ ಕಣಪ್ಪ, ಭಾರಿ ಜಾಣ! ಸಣ್ಣಮ್ಮ ಈಗ ನನಗೆ ಫೋನ್ ಮಾಡಿದ್ದಳು. ಬೆಳಿಗ್ಗೆ ನಿನ್ನ ಸೈಟ್ ತೆಗೆದಳಂತೆ, ಹತ್ತು ಮೂವತ್ತೆರಡಕ್ಕೆ. ‘ವಿಶ್ರಾಂತಿ, ಹನ್ನೆರಡಕ್ಕೆ ತೆರೆಯುತ್ತೆ’ ಅಂತ ಬಂತಂತೆ. ಅವಳಿಗೆ ಮೈಯೆಲ್ಲಾ ಪುಳಕ! ‘ಜಯಾ, ನಾನೇ ರಾಹುಕಾಲ ಮರೆತು ನೋಡಕ್ಕೆ ಕೂತಿದ್ದೆ. ಆ ಮನುಷ್ಯ ಕಂಪ್ಯೂಟರನ್ನೂ ರಾಹುಕಾಲದಲ್ಲಿ ಮುಚ್ಚುತ್ತಾನೆ! ನನ್ನ ನೂರೆಂಟು ಗೊಂಬೆ ಮುಟ್ಟಕ್ಕೆ ಇಂಥ ಆಚಾರವಂತ ಇನ್ನೆಲ್ಲಿ ಸಿಕ್ಕಾನು?’ ಅಂದಳು. ಆರ್ಡರ್ ನಿನಗೇ, ಕಂಡಿಪ್ಪಾ, ಖಂಡಿತ! ಹನ್ನೆರಡರ ತನಕ ಅವಳು ಆ ಫೋನಿನ ಪರದೆ ನೋಡಲ್ಲ. ಹನ್ನೆರಡು ಹೊಡೆದ ಕೂಡಲೇ ಸೈಟು ನೋಡಿ ನಿನ್ನ ಹತ್ತಿರ ಮಾತಾಡ್ತಾಳೆ.”

ಊಟದ ಮೇಜಿನ ದೇವರುಗಳು ಮನುಷ್ಯರಂತೆಯೂ, ಸುತ್ತ ನಿಂತ ಮನುಷ್ಯರು ಗೊಂಬೆಗಳಂತೆಯೂ ಕಂಡರು ಎಂದು ಈ ಕತೆ ಹೇಳುವವರೆಲ್ಲ ಹೇಳುತ್ತಾರೆ.

ಮೊದಲು ಬಾಯಿ ಬಿಟ್ಟವರು ಅಂದಾನಿ. “ಬಿಟ್ಟಿ ನಿದ್ದಿ ಕೆಡಿಸಿದ್ರಲ್ಲೋ!”

“ಮುಚ್ಚಿ!” ಎಂದು ಚೀರಿದರು ವಿಶ್ವನಾಥರು. “ದಿನೇಶಾ, ಮುಚ್ಚು ಅದನ್ನ! ಅವರ ಮನೆಯಲ್ಲಿ ಬೇರೆ ಯಾರಾದ್ರೂ ನೋಡಿಬಿಟ್ರೆ?”

ದಿನೇಶ ಮೊದಲು ಸಂದೇಶವನ್ನು ಅಳಿಸಿದ. ಆಮೇಲೆ ಕಂಪೆನಿಗೆ ಫೋನು ಮಾಡಿ ಸ್ಪೀಕರಿಗೆ ಹಾಕಿದ. ಅತ್ತ ಕಡೆಯ ಹುಡುಗಿ ಜೇನಿನಂಥ ದನಿಯಲ್ಲಿ, “ಸರ್, ನಮ್ಮ ಸೈಟ್ ನಿಲ್ಲೋದೇ ಇಲ್ಲ ಸರ್. ಗ್ಯಾರಂಟಿ,” ಎಂದಳು.

“ಹದಿನೈದು ನಿಮಿಷ ನಿಲ್ಲಿಸಮ್ಮಾ!”

“ನಿಲ್ಲಿಸುವ ಸೌಲಭ್ಯಕ್ಕೆ ಇದರ ಮೇಲಿನ ಪ್ಲ್ಯಾನ್ ತಗೋಬೇಕು ಸರ್.”

ಮಲಗುವುದಕ್ಕೂ ದುಡ್ಡು ಕೊಡಬೇಕೆಂಬುದನ್ನು ಕೇಳಿ ಅಂದಾನಿ ಚಪಾತಿ ಕೆಳಗಿಟ್ಟು ಕೈ ಮುಗಿದರು.

ಒಂದೇ ದಾರಿ ಉಳಿದಿತ್ತು: ಮುಖಪುಟದಲ್ಲಿ ಗಣಪತಿಯ ಚಿತ್ರ ತೆಗೆದು, ಮುಚ್ಚಿದೆ ಎಂಬ ಫಲಕದ ಚಿತ್ರ ಹಾಕುವುದು. “ಒಂದು ಕಾಗದದ ಮೇಲೆ ಗೀಚಿ ಕೊಡಿ ಅಂಕಲ್, ಸಾಕು,” ಎಂದ ದಿನೇಶ. ಗೀಚುವುದು ವಿಶ್ವನಾಥರಿಗೆ ಬಾರದ ವಿದ್ಯೆ. ಅವರು ಪ್ಲೈವುಡ್ ಹಲಗೆ ತಂದರು, ಹಳದಿ ಬಣ್ಣ ಬಳಿದರು, ಸ್ಕೇಲಿಟ್ಟು ಗೆರೆ ಎಳೆದರು. ಮೇಲೆ ತಮಿಳು, ನಡುವೆ ಹಿಂದಿ, ಕೆಳಗೆ ಇಂಗ್ಲಿಷು. ರೈಲು ನಿಲ್ದಾಣದ ಫಲಕದ ಕ್ರಮದಲ್ಲೇ.

“ಅಂಕಲ್, ಇನ್ನು ಆರೇ ನಿಮಿಷ! ಒಂದೇ ಭಾಷೆ ಸಾಕು!”

“ಫಲಕ ಅಂದ್ಮೇಲೆ ನಿಯಮ ಇರುತ್ತಪ್ಪ.”

“ಸಮುದ್ರ ಮಟ್ಟದಿಂದ ಎತ್ತರಾನೂ ಬರದುಬಿಡ್ರಿ,” ಎಂದರು ಅಂದಾನಿ.

ಹನ್ನೊಂದು ಐವತ್ತೆಂಟಕ್ಕೆ ಅಂದಾನಿ ಹಸಿ ಫಲಕವನ್ನು ಎದೆಗೊತ್ತಿ ಹಿಡಿದರು, ದಿನೇಶ ಚಿತ್ರ ತೆಗೆದು ಏರಿಸಿದ. ಸೈಟಿನಲ್ಲಿ ಈಗ ಫಲಕವೂ ಅದರ ಎರಡು ಬದಿಗೆ ಅಂದಾನಿಯವರ ಬನಿಯನ್ನಿನ ಹೊಟ್ಟೆಯೂ ಮೂಡಿದವು. ಹನ್ನೆರಡು ಹೊಡೆಯಿತು, ದಿನೇಶ ಫಲಕ ತೆಗೆದು ಗಣಪತಿಯನ್ನು ಕೂರಿಸಿದ. ಫೋನು ಬಡಿದುಕೊಂಡಿತು.

“ವಿಶ್ವನಾಥರೇ, ಸಣ್ಣಮ್ಮ ಮಾತಾಡೋದು. ಮಧ್ಯೆ ಏನೋ ಮೆಸೇಜು ಕಳಿಸಿ ಅಳಿಸಿಬಿಟ್ಟಿದ್ದೀರಿ?”

ವಿಶ್ವನಾಥರು ದಿನೇಶನ ಕಡೆಗೆ ತಿರುಗಿ ನೋಡಿದರು.

“ನನಗೆ ಅರ್ಥ ಆಯ್ತು ಬಿಡಿ. ಕಳಿಸಿದ ಮೇಲೆ ರಾಹುಕಾಲ ಅಂತ ನೆನಪಾಗಿ ಅಳಿಸಿದಿರಿ, ಅಲ್ವಾ? ಎಂಥಾ ನಿಷ್ಠೆ! ನೂರೆಂಟೂ ನಿಮಗೇ. ಸಂಜೆ ವ್ಯಾನಲ್ಲಿ ಕಳಿಸ್ತೀನಿ. ನವರಾತ್ರಿಗೆ ಮುಂಚೆ ಕೈ ಸೇರಬೇಕು, ಸೇರಿದ ದಿನ ಪೂರ್ತಿ ಹಣ.”

ಅಂಬುಜಾ ಅಡುಗೆಮನೆಯ ಬಾಗಿಲಲ್ಲಿ ಕೈ ಜೋಡಿಸಿ ನಿಂತರು. ದಿನೇಶನೂ ಅಂದಾನಿಯೂ ಒಬ್ಬರನ್ನೊಬ್ಬರು ತಬ್ಬಿಕೊಂಡರು; ಅಂದಾನಿಯವರ ಬನಿಯನ್ನಿನ ಹಳದಿ ದಿನೇಶನ ಅಂಗಿಗೂ ಬಂತು.

“ಒಂದೇ ಒಂದು ಮಾತು,” ಎಂದರು ಸಣ್ಣಮ್ಮ. “ನಿಮ್ಮಂಥವರಿಗೆ ನಾನು ಹೇಳಬೇಕಾಗಿಲ್ಲ. ಒಳ್ಳೆಯ ಗಳಿಗೆ ಬಿಟ್ಟು ಬೇರೆ ಹೊತ್ತಿನಲ್ಲಿ ಗೊಂಬೆ ಮುಟ್ಟೋದಿಲ್ಲ ತಾನೇ? ಜಯಾ ಪಂಚಾಂಗ ಹಿಡಕೊಂಡು ನಿಮ್ಮ ಪಕ್ಕದಲ್ಲೇ ಕೂತಿರ್ತಾಳೆ. ಅವಳಿಗೆ ಹೇಳಿದ್ದೀನಿ.”

ಜಯಲಕ್ಷ್ಮಮ್ಮ ಆಗಲೇ ಕುರ್ಚಿ ಎಳೆದುಕೊಂಡು ಹಾಳೆ ತಿರುವುತ್ತಿದ್ದರು.

“ಇಪ್ಪತ್ನಾಲ್ಕು ದಿನ ಇದೆ. ಅದರಲ್ಲಿ ಕಡೇ ಹದಿನೈದು ದಿನ ಪಿತೃಪಕ್ಷ, ದೇವರ ಗೊಂಬೆ ಮುಟ್ಟೋ ಹಾಗೇ ಇಲ್ಲ. ಉಳೀತು ಒಂಬತ್ತು. ನಾಳೆ ಅಷ್ಟಮಿ, ನಾಡಿದ್ದು ನವಮಿ, ಎರಡೂ ವೇಂಡಾಂ. ಮಂಗಳವಾರ ಬೇಡವೇ ಬೇಡ. ಇವತ್ತು ವ್ಯಾನ್ ಬರೋದೇ ಸಂಜೆ. ಉಳಿದದ್ದು ಐದು ದಿನ ಕಣಪ್ಪ. ಅದರಲ್ಲೂ ರಾಹುಕಾಲ, ಯಮಗಂಡ, ಗುಳಿಕ ಕಳೆದರೆ...” ಅವರು ಬೆರಳು ಮಡಿಚಿ, “ಪರವಾಗಿಲ್ಲ, ಒಂದೊಂದು ಗೊಂಬೆಗೂ ಹದಿನೈದು ನಿಮಿಷ ಸಿಗುತ್ತೆ,” ಎಂದರು.

ಒಬ್ಬ ರಾಣಿಯ ಮೂಗಿಗೆ ಮೂರು ದಿನ ತೆಗೆದುಕೊಂಡಿದ್ದ ವಿಶ್ವನಾಥರು ಕುರ್ಚಿ ಹುಡುಕಿದರು; ಎಲ್ಲದರ ಮೇಲೂ ದೇವರುಗಳಿದ್ದರು.

“ಬಣ್ಣಕ್ಕೆ?” ಎಂದರು ಅಂಬುಜಾ ಮೆಲ್ಲಗೆ. “ಬಣ್ಣದ ದುಡ್ಡು ಆ ಸೈಟಿಗೆ ಹೋಯ್ತಲ್ಲ?”

ಅಂಬುಜಾ ಫೋನು ತೆಗೆದುಕೊಂಡರು.

“ಹರಿ ಅಣ್ಣಾ? ನೋಡು, ಬಣ್ಣಕ್ಕೆ ಸ್ವಲ್ಪ ದುಡ್ಡು ಬೇಕಿತ್ತು. ಮೊದಲೇ ಕೊಡ್ತೀಯಾ? ಹೂಂ, ಇವರು ಬರ್ತಾರೆ. ನಾಳೆ, ನಾಡಿದ್ದು, ಮಂಗಳವಾರ. ಆಮೇಲೆ ಪಿತೃಪಕ್ಷ ಪೂರ್ತಿ ಹದಿನೈದು ದಿನ. ಮಧ್ಯೆ ಬೇರೆ ದಿನಗಳಲ್ಲೂ ರಾಹುಕಾಲ ಬಂದ್ರೆ ಸುಮ್ಮನೇ ಕೂತಿರ್ತಾರೆ; ಮೊಳೆ ಇಲ್ಲಿಗೇ ಕಳಿಸಿಬಿಡು, ಪೊಟ್ಟಣ ಕಟ್ಟಿಡ್ತಾರೆ.”

ಅದೇ ಹೊತ್ತಿಗೆ ದಿನೇಶನ ಫೋನಿಗೆ ಕಂಪೆನಿಯ ಸಂದೇಶ ಬಂತು. ಅವನು ಅದನ್ನು ಗಟ್ಟಿಯಾಗಿ ಓದಿದ, ಓದಬಾರದಿತ್ತು.

‘ಅಭಿನಂದನೆಗಳು! ಇನ್ನು ಮೂರು ವರ್ಷ ನೀವು ನಿಶ್ಚಿಂತೆಯಿಂದ ಮಲಗಬಹುದು.’

ವಿಶ್ವನಾಥರು ಹಳದಿ ಫಲಕವನ್ನೆತ್ತಿ ಗೋಡೆಗೆ ಒರಗಿಸಿದರು. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಅದನ್ನು ಮತ್ತೆ ಸೈಟಿಗೆ ಏರಿಸಬೇಕಿತ್ತು. ಶನಿವಾರದ ರಾಹುಕಾಲ ಆಗಲೇ ಶುರು. ಅಂಬತ್ತೂರಿನ ಬಸ್ಸು ಎಂಟೂವರೆಗೆ.