ಗುಂಡುಸೂಜಿ ಫೈಲಿನಲ್ಲಿ ಸಿಕ್ಕ ರಾಜೀನಾಮೆ

ನಾದಿನಿ: ಕೊಡಿ ಭಾವ ಆ ಕಾಗದ. ನಾನು ಬರೆದದ್ದು, ನನ್ನದು.

ಭಾವ: ಬರೆಯೋ ತನಕ ನಿಮ್ಮದು. ಮೊಹರು ಬಿದ್ದ ಮೇಲೆ ಕಚೇರೀದು. ಮತ್ತೆ ಇಲ್ಲಿ ಮನೆ ಮಾತು ಬೇಡ ಮೇಡಂ, ಭಾವ ಅನ್ಬೇಡಿ.

ಅವರು ದಾಖಲೆ ಕೋಣೆಯ ಗುಮಾಸ್ತರು. ಆಕೆ ಅದೇ ಕಚೇರಿಯ ಶಾಖಾಧಿಕಾರಿ, ಅವರ ಹೆಂಡತಿಯ ತಂಗಿ. ಹಳೆಯ ಫೈಲುಗಳನ್ನೆಲ್ಲ ಕಂಪ್ಯೂಟರಿಗೆ ಹತ್ತಿಸುವ ಕೆಲಸ ನಡೆದಿತ್ತು. ಹನ್ನೊಂದು ವರ್ಷದ ಹಿಂದೆ ಆಕೆ ಸಿಟ್ಟಿನಲ್ಲಿ ಬರೆದು ಟಪಾಲಿಗೆ ಎಸೆದಿದ್ದ ರಾಜೀನಾಮೆ ಆ ರಾಶಿಯಲ್ಲಿ ಮೊನ್ನೆ ಸಿಕ್ಕಿತ್ತು.

ನಾದಿನಿ: ಮಾರನೇ ದಿನ ಸಿಟ್ಟು ಇಳೀತು, ಬಂದು ಹುಡುಕಿದೆ. ಸಿಗ್ಲಿಲ್ಲ. ಕಳೆದುಹೋಯ್ತು ಅಂತ ನೆಮ್ಮದಿಯಾಗಿದ್ದೆ.

ಭಾವ: ನನ್ನ ಕೋಣೇಲಿ ಯಾವುದೂ ಕಳೆಯೋಲ್ಲ. ಸಿಗೋದು ತಡ ಆಗುತ್ತೆ, ಅಷ್ಟೆ.

ನಾದಿನಿ: ಆಗಿನ ಸಾಹೇಬರೇ ಈಗ ನಿರ್ದೇಶಕರು. ಸೋಮವಾರ ನನ್ನ ಬಡ್ತಿಗೆ ಸಹಿ ಹಾಕೋರೂ ಅವರೇ. ಅದರಲ್ಲಿ ಏನೇನು ಗೀಚಿದ್ದೀನೋ.

ಭಾವ: ಮರೆತಿದ್ರೆ ಓದ್ತೀನಿ.

ಗುಮಾಸ್ತರು ಕನ್ನಡಕ ಏರಿಸಿ, ಗಂಟಲು ಸರಿಮಾಡಿಕೊಂಡರು.

ಭಾವ: 'ಮಾನ್ಯರೇ, ತಮ್ಮ ತಲೆಗೂ ಈ ಕಚೇರಿಯ ಬೀರುವಿಗೂ ಇರುವ ವ್ಯತ್ಯಾಸವೆಂದರೆ, ಬೀರುವಿನೊಳಗೆ ಏನಾದರೂ ಇರುತ್ತದೆ.'

ನಾದಿನಿ: ಸಾಕು.

ಭಾವ: ಇನ್ನೂ ಒಂದೂವರೆ ಪುಟ ಇದೆ. ಕತ್ತೆ ಈಗ ಬರುತ್ತೆ.

ನಾದಿನಿ: ಕತ್ತೇನೂ ಇದೆಯಾ?

ಭಾವ: ಎರಡು ಸಲ. ಎರಡನೇ ಸಲ ಹೋಲಿಸಿದ್ದಕ್ಕೆ ಕತ್ತೆ ಹತ್ತಿರ ಕ್ಷಮೆ ಕೇಳಿದ್ದೀರಿ.

ನಾದಿನಿ: ಹರಿದು ಬಿಸಾಕಿ ಭಾವ, ಕೈ ಮುಗೀತೀನಿ.

ಭಾವ: ರಾಜೀನಾಮೆ ಅಂದ್ರೆ ಶಾಶ್ವತ ದಾಖಲೆ. ಅದೂ ಅಲ್ದೆ ಇದರ ಮೇಲೆ ಇನ್ನೂ ಯಾರೂ ತೀರ್ಮಾನ ಬರೆದಿಲ್ಲ. ಕಾಗದ ಜೀವಂತ ಇದೆ.

ನಾದಿನಿ: ಅಂದ್ರೆ ಹನ್ನೊಂದು ವರ್ಷದಿಂದ ನಾನು ಕೆಲಸದಲ್ಲಿ ಇದ್ದೀನೋ ಇಲ್ವೋ?

ಭಾವ: ಹಾಜರಿ ಪುಸ್ತಕದ ಪ್ರಕಾರ ಇದ್ದೀರಿ. ಈ ಕಾಗದದ ಪ್ರಕಾರ ಹೋಗಿಬಿಟ್ಟಿದ್ದೀರಿ. ನನಗೆ ಎರಡೂ ದಾಖಲೇನೇ. ನಾಳೆ ಸ್ಕ್ಯಾನ್ ಮಾಡಿಬಿಟ್ರೆ ಎಲ್ಲರೂ ನೋಡಿ ತೀರ್ಮಾನ ಮಾಡ್ಲಿ.

ಆಕೆ ಸ್ಟೂಲಿನ ಮೇಲೆ ಕುಸಿದು ಕೂತರು. ಸೂರಿನವರೆಗೂ ಕಟ್ಟುಗಳು, ನಡುವೆ ಧೂಳು. ಎರಡು ಸಲ ಸೀನಿದರು. ಮೂರನೆಯದು ಬರಲಿಲ್ಲ, ಬದಲಿಗೆ ಒಂದು ಯೋಚನೆ ಬಂತು.

ನಾದಿನಿ: ಅಂದ ಹಾಗೆ, ಇದು ಸಿಕ್ಕಿದ್ದು ಯಾವ ಫೈಲಲ್ಲಿ?

ಭಾವ: ಗುಂಡುಸೂಜಿ ಖರೀದಿ.

ನಾದಿನಿ: ಜೋರಾಗಿ ಹೇಳಿ.

ಭಾವ: ಗುಂಡುಸೂಜಿ ಖರೀದಿ ಮೇಡಂ. ನಿಮ್ಮ ಕಾಗದಕ್ಕೆ ಒಂದು ಸೂಜಿ ಚುಚ್ಚಿತ್ತು. ಅಂಗಡಿಯವರು ಮಾದರಿ ಕಳಿಸಿದ್ದಾರೆ ಅಂದ್ಕೊಂಡು ಅಲ್ಲಿ ಸೇರಿಸಿದೆ.

ನಾದಿನಿ: ಗುಂಡುಸೂಜಿ ಫೈಲ್ ಎಷ್ಟು ವರ್ಷ ಇಡ್ಬೇಕು?

ಭಾವ: ಮೂರು. ಆಮೇಲೆ ಫೈಲೂ ನಾಶ, ಅದರೊಳಗಿರೋದೂ ನಾಶ.

ನಾದಿನಿ: ಹಾಗಾದ್ರೆ ಎಂಟು ವರ್ಷದ ಹಿಂದೇನೇ ಇದು ಚೂರಾಗಬೇಕಿತ್ತು. ಯಾಕಾಗಿಲ್ಲ ಅಂತ ಸಂಜೆಯೊಳಗೆ ಲಿಖಿತ ವಿವರಣೆ ಕೊಡಿ.

ಭಾವ: ಅಲ್ಲಮ್ಮಾ, ನಾನು ನಿನ್ನ ಭಾವ.

ನಾದಿನಿ: ಇಲ್ಲಿ ಅದೆಲ್ಲ ಇಲ್ಲ ಅಂದೋರು ಯಾರು?

ಗುಮಾಸ್ತರು ಎದ್ದು ಹೋಗಿ ಕಾಗದವನ್ನು ಚೂರು ಮಾಡುವ ಯಂತ್ರದ ಬಾಯಿಗೆ ಕೊಟ್ಟರು. ಎರಡು ಪುಟವೂ ಶ್ಯಾವಿಗೆಯಾಗಿ ಬುಟ್ಟಿಗೆ ಬಿದ್ದವು. ಆಕೆಗೆ ಹೋದ ಜೀವ ಬಂದಂತಾಯಿತು.

ನಾದಿನಿ: ಬೇರೆ ಎಲ್ಲೂ ನಕಲು ಇಲ್ಲ ತಾನೇ?

ಭಾವ: ಕಾಗದದಲ್ಲಿ ಇಲ್ಲ.

ನಾದಿನಿ: ಅಂದ್ರೆ?

ಭಾವ: ಸಿಕ್ಕಿದ ದಿನಾನೇ ನಿಮ್ಮಕ್ಕಂಗೆ ಓದಿ ಹೇಳ್ದೆ. ಮೂರು ಸಲ ಓದಿಸಿದ್ಲು. ಈಗ ಬಾಯಿಪಾಠ ಆಗಿದೆ.

ನಾದಿನಿ: ಅಯ್ಯೋ ಭಾವ, ಅಕ್ಕನ ಹೊಟ್ಟೇಲಿ ಮಾತು ನಿಲ್ಲುತ್ತಾ?

ಭಾವ: ನಿಲ್ಲಲಿಲ್ಲ. ನಿರ್ದೇಶಕರ ಮನೆಯವರೂ ಅವಳೂ ದಿನಾ ಬೆಳಿಗ್ಗೆ ವಾಕಿಂಗ್ ಹೋಗ್ತಾರೆ. ಎರಡು ಸುತ್ತು ಮುಗಿಯೋದ್ರೊಳಗೆ ಪೂರ್ತಿ ಒಪ್ಪಿಸಿದ್ಲಂತೆ.

ಆಕೆ ಬುಟ್ಟಿಯಲ್ಲಿದ್ದ ಚೂರುಗಳತ್ತ ನೋಡಿದರು.

ನಾದಿನಿ: ಅವರೇನಂದ್ರು?

ಭಾವ: 'ಮದುವೆಯಾದಾಗಿನಿಂದ ನಾನೂ ಇದನ್ನೇ ಹೇಳ್ತಿದ್ದೀನಿ, ಬರವಣಿಗೆಯಲ್ಲಿ ಇದೇ ಮೊದಲು' ಅಂದ್ರಂತೆ. ದೃಢೀಕರಿಸಿದ ಪ್ರತಿ ಒಂದು ಕೇಳಿದ್ದಾರೆ.